ಗುರಿ ತಪ್ಪುವ ರಾಬಿನ್ ಹುಡ್

ರಾಬಿನ್ ಹುಡ್ ಅಂದ್ರೆ ನಮಗೆಲ್ಲ ನೆನಪಾಗೋದು ಹಸಿರು ಬಟ್ಟೆ, ಉದ್ದನೆ ಬಿಲ್ಲು, ಗುರಿ ತಪ್ಪದ ಬಾಣ ಅಲ್ವಾ? ಈ ಸಲ ನಾನು ಓದಿದ ಪುಸ್ತಕದ ರಾಬಿನ್‌ಗೆ ಬಾಣ ಬಿಡೋದೇ ಅಷ್ಟಕ್ಕಷ್ಟೆ!

ಅಮೆರಿಕದ ಲೇಖಕಿ ರಾಬಿನ್ ಮೆಕಿನ್ಲಿ (ಹೌದು, ಅವರ ಹೆಸರೂ ರಾಬಿನ್ನೇ) 1988ರಲ್ಲಿ ಹದಿಹರೆಯದವರಿಗಾಗಿ ಬರೆದ ಕಾದಂಬರಿ 'ದಿ ಔಟ್‌ಲಾಸ್ ಆಫ್ ಶರ್ವುಡ್'. ಇದರಲ್ಲಿ ರಾಬಿನ್ ರಾಜನ ಕಾಡು ಕಾಯುವ ಬಡ ಹುಡುಗ. ನಾಟಿಂಗ್‌ಹ್ಯಾಮ್ ಜಾತ್ರೆಗೆ ಹೊರಟವನನ್ನು ಜೊತೆ ಕೆಲಸದವರು ದಾರಿಯಲ್ಲಿ ಕೆಣಕುತ್ತಾರೆ. ಕಾಲಿಗೆಂದು ಬಿಟ್ಟ ಬಾಣ ಒಬ್ಬನ ಪ್ರಾಣವನ್ನೇ ತೆಗೆಯುತ್ತೆ. ಅಲ್ಲಿಗೆ ಅವನ ಪಾಲಿಗೆ ಕಾಡೇ ಗತಿ.

ಗೆಳೆಯ ಮಚ್, ಗೆಳತಿ ಮೇರಿಯನ್ ಇಬ್ಬರಿಗೂ ಭಾರೀ ಹುರುಪು. ನಾರ್ಮನ್ನರ ದಬ್ಬಾಳಿಕೆಯ ವಿರುದ್ಧ ಸ್ಯಾಕ್ಸನ್ ಜನಕ್ಕೊಬ್ಬ ನಾಯಕ ಬೇಕು, ಅದು ನೀನೇ ಅಂತಾರೆ. ಇವನ ತಲೆಬಿಸಿಯೇ ಬೇರೆ. ಬಂದವರೆಲ್ಲ ಮಲಗೋದೆಲ್ಲಿ? ಮಳೆ ಹಿಡಿದರೆ? ಊಟಕ್ಕೇನು? ಪಹರೆ ಯಾರು? ಕಕ್ಕಸಿನ ಗುಂಡಿ ಎಲ್ಲಿ ತೋಡೋದು? ಸಾಹಸದ ಕಥೆಯಲ್ಲಿ ಕಕ್ಕಸಿನ ಗುಂಡಿಯ ಚಿಂತೆ ಮಾಡುವ ನಾಯಕನನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ. ಹೊಸ ಆ್ಯಪ್ ಬಿಡುಗಡೆಯಾದ ದಿನ ಚಪ್ಪಾಳೆ ಬೀಳೋದು ಪರದೆ ಮೇಲೆ ಕಾಣುವ ಕೆಲಸಕ್ಕೆ. ರಾತ್ರಿ ಎರಡು ಗಂಟೆಗೆ ಸರ್ವರ್ ಕೈಕೊಟ್ಟರೆ ಯಾರು ಏಳಬೇಕು ಅಂತ ಮೊದಲೇ ಪಟ್ಟಿ ಬರೆದಿಟ್ಟವರನ್ನು ಯಾರೂ ವೇದಿಕೆಗೆ ಕರೆಯಲ್ಲ. ರಾಬಿನ್ ಆ ಪಟ್ಟಿ ಬರೆಯೋ ಜಾತಿ. ಅದಕ್ಕೇ ನನಗೆ ಅವನು ಅಷ್ಟು ಹತ್ತಿರವಾದ.

ಹಾಗಾದ್ರೆ ಬಿಲ್ಲುಗಾರಿಕೆ? ಅದು ಮೇರಿಯನ್‌ದು. ಹಳೆಯ ಲಾವಣಿಗಳಲ್ಲಿ ಅವಳ ಸುಳಿವೇ ಇಲ್ಲ, ಕಥೆಯೊಳಗೆ ಬಂದದ್ದು ಆಮೇಲೆ. ಬಂದ ಮೇಲೂ ಎಷ್ಟೋ ಸಿನಿಮಾಗಳಲ್ಲಿ ಕೋಟೆ ಕಿಟಕಿಯಲ್ಲಿ ನಿಂತು ಕಾಯೋದೇ ಅವಳ ಕೆಲಸ. ಇಲ್ಲಿ ಪಂದ್ಯಕ್ಕೆ ರಾಬಿನ್ ವೇಷದಲ್ಲಿ ಇಳಿಯೋದು ಅವಳು, ಗಾಯ ತಿನ್ನೋದೂ ಅವಳೇ. ಹೆಸರು ಮಾತ್ರ ಅವನದ್ದು. ಜನಕ್ಕೆ ಬೇಕಾದ ವೀರನ ಕಥೆಗೆ ಯಾರೋ ಮೈಕೊಡಬೇಕಲ್ಲ, ಆ ಭಾಗ ಓದುವಾಗ ನನಗೆ ಸಂಕಟವಾಯ್ತು.

ನಡುವೆ ಕಥೆ ಸ್ವಲ್ಪ ಎಳೆಯುತ್ತೆ, ಹೆಸರುಗಳೂ ಜಾಸ್ತಿ. ತಾಳ್ಮೆ ಇಟ್ಕೊಳ್ಳಿ. ಕೊನೆಗೆ ರಾಜ ರಿಚರ್ಡ್ ಬರ್ತಾನೆ. ನಾವು ಕೇಳಿದ ಕಥೆಗಳ ಹಾಗೆ ಬೆನ್ನು ತಟ್ಟಿ, ಎಲ್ಲ ಮಾಫಿ ಮಾಡಿ ಹೋಗ್ತಾನೆ ಅಂದ್ಕೊಂಡಿದ್ದೆ. ಅಷ್ಟು ಸುಲಭಕ್ಕೆ ಬಿಡಲ್ಲ ಪುಣ್ಯಾತ್ಮ. ಮುಂದಿನದ್ದು ನೀವೇ ಓದಿ.