ಕೈಗಳು ಕಂಡವು, ದನಿ ಕೇಳಲಿಲ್ಲ

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ಷೆವ್ರೊಲೆ ಕಾರ್ಖಾನೆಯೊಳಗೆ ತೆಗೆದ, 1936ರಲ್ಲಿ ಹೊರಬಂದ ಅರ್ಧ ಗಂಟೆಯ ಚಿತ್ರವೊಂದಿದೆ. ಹೆಸರು ‘ಮಾಸ್ಟರ್ ಹ್ಯಾಂಡ್ಸ್’. ಅದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಮಾತು ತೀರಾ ಕಡಿಮೆ. ಅಚ್ಚು ಕೆತ್ತುವವರು, ಕುಲುಮೆಯಿಂದ ಕರಗಿದ ಲೋಹವನ್ನು ಹೊತ್ತು ತಂದು ಸುರಿಯುವವರು, ಬೆಸುಗೆಯ ಕಿಡಿಗಳ ನಡುವೆ ನಿಂತವರು, ಸರಿಯುತ್ತಲೇ ಇರುವ ಸಾಲಿನ ಮುಂದೆ ಬೋಲ್ಟು ಬಿಗಿಯುವವರು ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಾರೆ. ಕೊನೆಯಲ್ಲಿ ಒಂದು ಕಾರು ತಯಾರಾಗಿ ಹೊರಗೆ ಉರುಳುತ್ತದೆ. ಹಿನ್ನೆಲೆಯಲ್ಲಿ ಸ್ಯಾಮ್ಯುಯೆಲ್ ಬೆನಾವಿ ಸಂಯೋಜಿಸಿದ ವಾದ್ಯವೃಂದದ ಭಾರಿ ಸಂಗೀತ. ಛಾಯಾಗ್ರಾಹಕ ಗಾರ್ಡನ್ ಏವಿಲ್ ಅದಕ್ಕೂ ಮೊದಲು ಹಾಲಿವುಡ್‌ನಲ್ಲಿ ಕಿಂಗ್ ವಿಡಾರ್ ಅವರ ‘ಹಲ್ಲೆಲೂಯಾ’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು. ಕತ್ತಲೆಯ ಮಧ್ಯೆ ಒಂದು ಕೈಯನ್ನೋ ಒಂದು ಮುಖದ ಅಂಚನ್ನೋ ಬೆಳಗಿಸಿ ಉಳಿದದ್ದನ್ನು ನೆರಳಿಗೆ ಬಿಡುವುದು ಅವರಿಗೆ ಗೊತ್ತಿತ್ತು. ಹೀಗಾಗಿ ಕಾರು ಮಾರುವುದಕ್ಕೆಂದು ಹುಟ್ಟಿದ ಚಿತ್ರ, ದುಡಿಮೆಯ ಬಗ್ಗೆ ಸಿನಿಮಾ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದಾಗಿಬಿಟ್ಟಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಇಂಥ ಚಿತ್ರಗಳಿಗೆ ಅಲ್ಲಿ ಒಂದು ಇಡೀ ಪರಂಪರೆಯೇ ಇದೆ. 1904ರಷ್ಟು ಹಿಂದೆಯೇ ಪಿಟ್ಸ್‌ಬರ್ಗ್ ಪ್ರದೇಶದ ವೆಸ್ಟಿಂಗ್‌ಹೌಸ್ ಕಾರ್ಖಾನೆಗಳ ಒಳಗನ್ನು ಬಿಲ್ಲಿ ಬಿಟ್ಜರ್ ಚಿತ್ರೀಕರಿಸಿದ್ದರು. 1923ರಲ್ಲಿ ಕೊಡಾಕ್ ಕಂಪನಿ 16 ಎಂಎಂ ಫಿಲ್ಮ್ ತಂದಿತು. ಬೆಂಕಿ ಹತ್ತುವ ಭಯವಿಲ್ಲದ, ಒಬ್ಬರೇ ಹೊತ್ತೊಯ್ದು ತೋರಿಸಬಹುದಾದ ಫಿಲ್ಮ್ ಅದು. ಶಾಲೆ, ಚರ್ಚು, ಕ್ಲಬ್ಬು, ರೈತರ ಸಭೆ, ಎಲ್ಲಿ ಬೇಕೆಂದರಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸುವುದು ಸಾಧ್ಯವಾಯಿತು. ಉಕ್ಕು, ರೈಲು, ಟೆಲಿಫೋನ್, ಎಣ್ಣೆ ಕಂಪನಿಗಳೆಲ್ಲ ತಮ್ಮ ಕೆಲಸವನ್ನು ಜನರಿಗೆ ತೋರಿಸಲು ಮುಂದೆ ಬಂದವು. ರಾಬರ್ಟ್ ಫ್ಲಹರ್ಟಿಯಂಥ ದೊಡ್ಡ ನಿರ್ದೇಶಕರೇ 1948ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹಣದಲ್ಲಿ ‘ಲೂಸಿಯಾನ ಸ್ಟೋರಿ’ ಮಾಡಿದರು. ಅದರ ಸಂಗೀತಕ್ಕೆ ವರ್ಜಿಲ್ ಥಾಮ್ಸನ್ ಪುಲಿಟ್ಜರ್ ಪಡೆದರು. ಡೆಟ್ರಾಯಿಟ್‌ನ ಜ್ಯಾಮ್ ಹ್ಯಾಂಡಿ ಸಂಸ್ಥೆಯಂತೂ ಇಂಥ ಚಿತ್ರಗಳನ್ನು ಸಾವಿರಗಳ ಲೆಕ್ಕದಲ್ಲಿ ತಯಾರಿಸಿತು. ‘ಮಾಸ್ಟರ್ ಹ್ಯಾಂಡ್ಸ್’ ಕೂಡ ಅವರದೇ.

ಆ ಸಂಸ್ಥೆಯ ಇನ್ನೊಂದು ಕಿರುಚಿತ್ರವನ್ನು ಓದುಗರು ಒಮ್ಮೆ ನೋಡಬೇಕು. 1937ರ ‘ಅರೌಂಡ್ ದ ಕಾರ್ನರ್’. ಅದರ ವಸ್ತು ಕಾರಿನ ಡಿಫರೆನ್ಷಿಯಲ್. ಕಾರು ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನ ಚಕ್ರ ಕಡಿಮೆ ದೂರ. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಯಾವುದೋ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡೇ ಸಾಗಬೇಕು. ಹಾಗಾದರೆ ಒಂದೇ ಎಂಜಿನ್ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸುವುದು ಹೇಗೆ? ಚಿತ್ರ ಮೊದಲು ಸಾಲಾಗಿ ತಿರುವಿನಲ್ಲಿ ಸಾಗುವ ಮೋಟರ್‌ಸೈಕಲ್‌ಗಳನ್ನು ತೋರಿಸುತ್ತದೆ. ಆಮೇಲೆ ಎರಡು ಚಕ್ರ ಮತ್ತು ಕೆಲವು ಕಡ್ಡಿಗಳ ಸರಳ ಮಾದರಿಯೊಂದನ್ನು ಮುಂದಿಡುತ್ತದೆ. ಕಡ್ಡಿಯ ಜಾಗಕ್ಕೆ ಇನ್ನಷ್ಟು ಕಡ್ಡಿ, ಆ ಕಡ್ಡಿಗಳ ಜಾಗಕ್ಕೆ ಹಲ್ಲು, ಹಲ್ಲುಗಳು ಸೇರಿ ಗಿಯರ್. ಹೀಗೆ ಒಂದೊಂದೇ ಹೆಜ್ಜೆ ಮುಂದಿಟ್ಟು ಹೋಗುವಾಗ, ನಿಜವಾದ ಡಿಫರೆನ್ಷಿಯಲ್ ತೆರೆಯ ಮೇಲೆ ಬರುವ ಹೊತ್ತಿಗೆ ನಮಗದು ಆಗಲೇ ಅರ್ಥವಾಗಿರುತ್ತದೆ. ಗಿಯರ್ ಎಂದರೇನೆಂದೇ ತಿಳಿಯದ ಮಗುವೂ ಇದನ್ನು ಹಿಡಿಯಬಲ್ಲದು. ನೋಡುವವರ ಬುದ್ಧಿಯ ಮೇಲೆ ಇಷ್ಟೊಂದು ಗೌರವವಿಟ್ಟ ಜಾಹೀರಾತು ನನಗೆ ಇನ್ನೆಲ್ಲೂ ಕಂಡಿಲ್ಲ.

ಈ ಚಿತ್ರಗಳನ್ನು ಒಂದು ಕಾಲದಲ್ಲಿ ಕಸಕ್ಕೆ ಎಸೆಯುತ್ತಿದ್ದರು. ಕೆಲಸ ಮುಗಿದ ಜಾಹೀರಾತನ್ನು ಯಾರು ಇಟ್ಟುಕೊಳ್ಳುತ್ತಾರೆ? ರಿಕ್ ಪ್ರೆಲಿಂಗರ್ ಎಂಬವರು 1980ರ ದಶಕದ ಮೊದಲಲ್ಲಿ ಇವುಗಳನ್ನು ಹುಡುಕಿ ಕೂಡಿಡತೊಡಗಿದರು. 2002ರಲ್ಲಿ ಅವರ ಸಂಗ್ರಹದ ಸುಮಾರು 60 ಸಾವಿರ ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವಶಕ್ಕೆ ಪಡೆಯಿತು. ಬಹಳಷ್ಟು ಚಿತ್ರಗಳ ಹಕ್ಕನ್ನು ಕಂಪನಿಗಳು ನವೀಕರಿಸಿಯೇ ಇರಲಿಲ್ಲ. ಆದ್ದರಿಂದ ಸಾವಿರಾರು ಚಿತ್ರಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡಿವೆ. ಈಗ ಅವುಗಳಿಗೆ ಜಗತ್ತಿನ ತುಂಬ ಪ್ರೇಕ್ಷಕರು. ಆ ಕಾಲದ ಕಾರ್ಖಾನೆಯನ್ನು ಕಣ್ಣಲ್ಲಿ ಕಾಣದವರೂ ಅದಕ್ಕಾಗಿ ಹಂಬಲಿಸುತ್ತಾರೆ. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕೃಷಿಯ ಹೊರಗೆ ದುಡಿಯುತ್ತಿದ್ದ ಪ್ರತಿ ನೂರು ಜನರಲ್ಲಿ ಹೆಚ್ಚುಕಡಿಮೆ ಮೂವತ್ತು ಮಂದಿ ಕಾರ್ಖಾನೆಯ ಉದ್ಯಮಗಳಲ್ಲಿದ್ದರು. ಇಂದು ಆ ಸಂಖ್ಯೆ ಹತ್ತಕ್ಕಿಂತ ಕಡಿಮೆ. ಒಂದು ನಾಡು ತನ್ನ ಕೈಯಿಂದ ಜಾರಿಹೋದ ಕಸುಬನ್ನು ಹಳೆಯ ಫಿಲ್ಮ್ ಹಾಕಿ ನೋಡಿಕೊಳ್ಳುತ್ತಿದೆ.

ಈ ಹಳಹಳಿಕೆಯನ್ನು ಲಘುವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವಸ್ತುವೊಂದು ಹೇಗೆ ಹುಟ್ಟುತ್ತದೆ, ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವ ಆಸೆ ಮನುಷ್ಯನಿಗೆ ಸಹಜ. ಬಿಚ್ಚಲಾಗದಂತೆ ಅಂಟಿಸಿ ಮುಚ್ಚಿದ ಉಪಕರಣಗಳ ನಡುವೆ ಬದುಕುವ ನಮಗೆ, ಎಲ್ಲವನ್ನೂ ಬಿಚ್ಚಿ ತೋರಿಸುವ ಚಿತ್ರ ಹಿತ ಕೊಡುವುದರಲ್ಲಿ ಆಶ್ಚರ್ಯವಿಲ್ಲ. ನುರಿತ ಕೈಯ ಕೆಲಸ ನೋಡುವುದರಲ್ಲೂ ಒಂದು ನಿಜವಾದ ಸುಖವಿದೆ. ಆದರೆ ಈ ಚಿತ್ರಗಳನ್ನು ನೋಡುವವರು ಇನ್ನೊಂದಕ್ಕೂ ಹಂಬಲಿಸುತ್ತಾರೆ. ಒಬ್ಬರ ಸಂಬಳದಲ್ಲಿ ಮನೆ, ಕಾರು, ಮಕ್ಕಳ ಓದು, ನಿವೃತ್ತಿಯ ನಂತರ ಪಿಂಚಣಿ ದಕ್ಕಿಸಿಕೊಟ್ಟ ಆ ಕಾರ್ಖಾನೆಯ ಕೆಲಸಕ್ಕೆ. ಇದು ಬಂದದ್ದು ಎಲ್ಲಿಂದ ಎಂದು ಕೇಳಿದರೆ ಚಿತ್ರಗಳು ಸುಮ್ಮನಾಗುತ್ತವೆ. ಯಂತ್ರದಿಂದ ಬಂತು, ಕಂಪನಿಯ ಔದಾರ್ಯದಿಂದ ಬಂತು ಎನ್ನುವಂತೆ ಅವು ನಮ್ಮನ್ನು ನಂಬಿಸುತ್ತವೆ.

ಉತ್ತರ ಅದೇ ಫ್ಲಿಂಟ್‌ನಲ್ಲಿದೆ. ‘ಮಾಸ್ಟರ್ ಹ್ಯಾಂಡ್ಸ್’ ಬಂದ ವರ್ಷದ ಕೊನೆಗೆ, 1936ರ ಡಿಸೆಂಬರ್ 30ರಂದು, ಜನರಲ್ ಮೋಟರ್ಸ್‌ನ ಫಿಷರ್ ಬಾಡಿ ಘಟಕಗಳ ಕಾರ್ಮಿಕರು ಕೆಲಸ ನಿಲ್ಲಿಸಿ ಕಾರ್ಖಾನೆಯೊಳಗೇ ಕುಳಿತರು. ಸಾಲಿನ ವೇಗ ಮಿತಿಮೀರಿತ್ತು, ಕೆಲಸಕ್ಕೆ ಭದ್ರತೆಯಿರಲಿಲ್ಲ, ಸಂಘ ಕಟ್ಟುವವರ ಮೇಲೆ ಕಂಪನಿ ಗೂಢಚಾರರನ್ನು ಬಿಟ್ಟಿತ್ತು. ಜನವರಿಯ ಚಳಿಯಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿದರು. ಒಳಗಿದ್ದವರು ಕಾರಿನ ಬಾಗಿಲ ಕೀಲುಗಳನ್ನೇ ಎಸೆದು ಎದುರಿಸಿದರು. ಫೆಬ್ರುವರಿ 1ರಂದು ಷೆವ್ರೊಲೆಯ 4ನೇ ಸಂಖ್ಯೆಯ ಎಂಜಿನ್ ಘಟಕವೂ ಕಾರ್ಮಿಕರ ಕೈಗೆ ಬಂತು. ರಾಜ್ಯಪಾಲ ಫ್ರ್ಯಾಂಕ್ ಮರ್ಫಿ ಸೈನಿಕ ಪಡೆಯನ್ನು ಕರೆಸಿದರು, ಆದರೆ ಕಾರ್ಮಿಕರನ್ನು ಬಲವಂತದಿಂದ ಹೊರಗೆ ಹಾಕಿಸಲಿಲ್ಲ. 44 ದಿನಗಳ ನಂತರ, 1937ರ ಫೆಬ್ರುವರಿ 11ರಂದು, ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಚಿತ್ರದಲ್ಲಿ ಮೌನವಾಗಿ ದುಡಿಯುತ್ತಿದ್ದ ಊರಿನ ಜನರೇ ವರ್ಷ ಮುಗಿಯುವುದರೊಳಗೆ ಕೈ ಕಟ್ಟಿ ಕುಳಿತು ತಮ್ಮ ಮಾತು ಕೇಳಿಸಿದ್ದರು.

ಆಮೇಲೆ ಕ್ಯಾಮೆರಾ ಏನು ಮಾಡಿತು ಎಂಬುದೂ ಗಮನಿಸಬೇಕಾದ ಸಂಗತಿ. ಅದೇ 1937ರಲ್ಲಿ ಷೆವ್ರೊಲೆಗಾಗಿ ಜ್ಯಾಮ್ ಹ್ಯಾಂಡಿ ಸಂಸ್ಥೆ ‘ಫ್ರಮ್ ಡಾನ್ ಟು ಸನ್‌ಸೆಟ್’ ಎಂಬ ಚಿತ್ರ ಮಾಡಿತು. ಅದರಲ್ಲಿ ಹಲವು ಊರುಗಳ ಕಾರ್ಮಿಕರು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ಸಂಬಳ ಪಡೆಯುತ್ತಾರೆ, ಅಂಗಡಿಗಳಲ್ಲಿ ಸಾಮಾನು ಕೊಳ್ಳುತ್ತಾರೆ. ಎಲ್ಲರೂ ಸಂತೃಪ್ತರು. ಮುಷ್ಕರದ ಸುಳಿವೇ ಇಲ್ಲ. 1950ರಲ್ಲಿ ವಾಲ್ಟರ್ ರೂಥರ್ ಮುಂದಾಳತ್ವದ ಆಟೋ ಕಾರ್ಮಿಕರ ಸಂಘವೂ ಜನರಲ್ ಮೋಟರ್ಸೂ ಐದು ವರ್ಷದ ಒಪ್ಪಂದ ಮಾಡಿಕೊಂಡವು. ಬೆಲೆ ಏರಿದಂತೆ ಏರುವ ಸಂಬಳ, ಪಿಂಚಣಿ, ವೈದ್ಯಕೀಯ ವಿಮೆಯಲ್ಲಿ ಪಾಲು ಅದರಲ್ಲಿ ಸೇರಿದ್ದವು. ಏನನ್ನು, ಎಲ್ಲಿ, ಹೇಗೆ ತಯಾರಿಸಬೇಕೆಂಬ ತೀರ್ಮಾನ ಮಾತ್ರ ಕಂಪನಿಯ ಕೈಯಲ್ಲೇ ಉಳಿಯಿತು. ಇಂದು ನಾವು ‘ಆ ಒಳ್ಳೆಯ ಕಾಲ’ ಎಂದು ನೆನೆಯುವ ಬದುಕಿನ ಅಡಿಪಾಯ ಇಂಥ ಒಪ್ಪಂದಗಳಲ್ಲಿದೆ. ಆ ಬದುಕಿಗೆ ಬಣ್ಣದ ಚಿತ್ರಗಳು ಬಂದವು. ಅದನ್ನು ಗಳಿಸಿಕೊಟ್ಟ ಜಗಳಕ್ಕೆ ಕಂಪನಿಗಳ ಚಿತ್ರದಲ್ಲಿ ಜಾಗ ಸಿಗಲಿಲ್ಲ.

ಆ ಕಾಲದ ಒಳಿತು ಎಲ್ಲರ ಪಾಲಿಗೂ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು. ಕಾರು ಕಾರ್ಖಾನೆಗಳಲ್ಲಿ ಕಪ್ಪು ಕಾರ್ಮಿಕರನ್ನು ಬಹುಕಾಲ ಎರಕದ ಕೆಲಸಕ್ಕೆ, ಗುಡಿಸಿ ಒರೆಸುವ ಕೆಲಸಕ್ಕೆ ಹೆಚ್ಚಾಗಿ ಇಟ್ಟುಕೊಳ್ಳುತ್ತಿದ್ದರು. ಕಾರ್ಖಾನೆಯ ದುಡ್ಡಿನಿಂದ ಎದ್ದ ಹೊಸ ಬಡಾವಣೆಗಳ ಮನೆಗಳು ಅವರಿಗೆ ಸಿಗದಂತೆ ಕರಾರುಪತ್ರಗಳನ್ನೇ ಬರೆದುಕೊಂಡಿದ್ದರು. ಇನ್ನು ಎರಕದ ಘಟಕದ ದೃಶ್ಯಗಳಲ್ಲಿ ಕಣ್ಣು ತುಂಬುವ ಆ ಬೆಳಕಿನ ಕೋಲುಗಳನ್ನೇ ನೋಡಿ. ಗಾಳಿಯಲ್ಲಿ ದೂಳು ತೇಲುತ್ತಿರುವುದರಿಂದಲೇ ಬೆಳಕು ಹಾಗೆ ಕೋಲಾಗಿ ನಿಲ್ಲುತ್ತದೆ. ಆ ದೂಳನ್ನು ಉಸಿರಾಡಿದ ಎದೆಗಳಿದ್ದವು. ಚೆಲುವು, ನೋವು ಎರಡೂ ಒಂದೇ ಫ್ರೇಮಿನಲ್ಲಿವೆ. ಒಂದನ್ನು ಕಂಡವರು ಇನ್ನೊಂದನ್ನೂ ಕಾಣಬೇಕು.

ವರ್ಷಗಳು ಉರುಳಿದಂತೆ ಈ ಚಿತ್ರಗಳೇ ಕೈಗಳನ್ನು ಮರೆತವು. ಜನರಲ್ ಮೋಟರ್ಸ್‌ಗಾಗಿ 1956ರಲ್ಲಿ ತಯಾರಾದ ‘ಡಿಸೈನ್ ಫಾರ್ ಡ್ರೀಮಿಂಗ್’ ನೋಡಿದರೆ, ಒಬ್ಬ ತರುಣಿ ಹೊಳೆಯುವ ಕಾರುಗಳ ನಡುವೆ, ಭವಿಷ್ಯದ ಅಡುಗೆಮನೆಯ ನಡುವೆ ಕುಣಿಯುತ್ತಾಳೆ. 1958ರ ‘ಅಮೆರಿಕನ್ ಲುಕ್’ನಲ್ಲಿ ವಿನ್ಯಾಸಕಾರರೇ ನಾಯಕರು. ಬಣ್ಣ, ಗೆರೆ, ಆಕಾರ ಎಲ್ಲವೂ ಸೊಗಸು, ನನಗೂ ಇಷ್ಟವೇ. ಆದರೆ ಇಪ್ಪತ್ತು ವರ್ಷದಲ್ಲಿ ಕ್ಯಾಮೆರಾ ಕುಲುಮೆಯ ಮುಂದಿನಿಂದ ಎದ್ದು ಷೋರೂಮಿಗೆ ಬಂದು ಕುಳಿತಿತ್ತು. ಕಾರ್ಖಾನೆಗಳು ಮುಚ್ಚುವುದಕ್ಕೆ ಬಹಳ ಮೊದಲೇ ತೆರೆಯ ಮೇಲೆ ಕಾರ್ಮಿಕ ಹಿಂದೆ ಸರಿದಿದ್ದ.

ಆಮೇಲಿನ ಕತೆ ಫ್ಲಿಂಟ್‌ನ ಲೆಕ್ಕದಲ್ಲೇ ಇದೆ. 1970ರ ದಶಕದ ಕೊನೆಯಲ್ಲಿ ಆ ಊರಿನಲ್ಲಿ ಜನರಲ್ ಮೋಟರ್ಸ್‌ಗೆ ದುಡಿಯುತ್ತಿದ್ದವರು ಸುಮಾರು 80 ಸಾವಿರ. ಮೂವತ್ತೇ ವರ್ಷದಲ್ಲಿ ಅದು 10 ಸಾವಿರಕ್ಕೂ ಕೆಳಗಿಳಿಯಿತು. 1960ರಲ್ಲಿ ಎರಡು ಲಕ್ಷದ ಹತ್ತಿರವಿದ್ದ ಜನಸಂಖ್ಯೆ 2020ರಲ್ಲಿ 81 ಸಾವಿರ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಊರಿನ ಕುಡಿಯುವ ನೀರನ್ನು ಫ್ಲಿಂಟ್ ನದಿಗೆ ಬದಲಿಸಿದರು. ಆ ನೀರು ಕೊಳವೆಗಳ ಸೀಸವನ್ನು ಕರಗಿಸಿಕೊಂಡು ಮನೆಮನೆಗೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್‌ನ ಎಂಜಿನ್ ಘಟಕ, ನೀರು ತಾಗಿ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ ಎಂದು ಆ ನೀರನ್ನು ಬಿಟ್ಟಿತು. ಜನರಿಗೆ ಹಳೆಯ ನೀರು ಮರಳಿ ಸಿಗಲು ಇನ್ನೊಂದು ವರ್ಷ ಬೇಕಾಯಿತು. ದುಡಿಯುವ ಜನಕ್ಕೆ ಒಂದಾಗಿ ಕೇಳುವ ಶಕ್ತಿ ಕುಗ್ಗಿದಾಗ ಊರಿನ ಮಾತಿಗೆ ಎಷ್ಟು ಬೆಲೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ಬೇಕಿಲ್ಲ.

ಇದೆಲ್ಲ ಎಲ್ಲೋ ದೂರದ ಸಂಗತಿ ಎಂದುಕೊಳ್ಳುವ ಹಾಗಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದಾಗ ಅದನ್ನು ಕಟ್ಟಲು ಜೊತೆಯಾದವರು ಅಮೆರಿಕದ ವಿಲಿಯಂ ಪಾಲಿ. ಯುದ್ಧದ ನಡುವೆ, 1943ರಲ್ಲಿ, ಆ ಕಾರ್ಖಾನೆಯ ಆಡಳಿತ ಅಮೆರಿಕದ ಸೇನೆಯ ವಾಯುಪಡೆಗೆ ಹೋಯಿತು; ಅವರ ವಿಮಾನಗಳು ದುರಸ್ತಿಗೆ ಇಲ್ಲಿಗೆ ಬಂದವು. ಅಮೆರಿಕದ ಕಾರ್ಖಾನೆಗಳ ಶಿಸ್ತು, ಅಳತೆ, ಪಾಳಿ ನಮ್ಮ ಹುಡುಗರ ಕೈಗೆ ನೇರವಾಗಿ ದಾಟಿದ್ದು ಹೀಗೆ. ಇದೇ ಎಚ್‌ಎಎಲ್ ಮುಂದೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಹಿರಿಯಣ್ಣನಾಯಿತು. 1980–81ರಲ್ಲಿ ಆ ಉದ್ಯಮಗಳ ಕಾರ್ಮಿಕರೆಲ್ಲ ಸೇರಿ ನಡೆಸಿದ ದೀರ್ಘ ಮುಷ್ಕರವನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಎಚ್‌ಎಂಟಿ ಗಡಿಯಾರವನ್ನು ಪ್ರೀತಿಯಿಂದ ನೆನೆಯುವ ನಾವು ಅದನ್ನು ಜೋಡಿಸಿದವರನ್ನು ಎಷ್ಟು ಕೇಳಿ ತಿಳಿದುಕೊಂಡಿದ್ದೇವೆ?

ಫ್ಲಿಂಟ್‌ನಲ್ಲಿ ಆ ಕೆಲಸ ತಡವಾಗಿಯಾದರೂ ನಡೆಯಿತು. 1970ರ ದಶಕದ ಕೊನೆಯಲ್ಲಿ ಲೊರೇನ್ ಗ್ರೇ ನಿರ್ದೇಶಿಸಿದ ‘ವಿತ್ ಬೇಬೀಸ್ ಅಂಡ್ ಬ್ಯಾನರ್ಸ್’ ಎಂಬ ಸಾಕ್ಷ್ಯಚಿತ್ರ ಮುಷ್ಕರದ ಬೆನ್ನಿಗೆ ನಿಂತಿದ್ದ ಹೆಂಗಸರನ್ನು ಹುಡುಕಿಕೊಂಡು ಹೋಯಿತು. ನಾಲ್ಕು ದಶಕಗಳ ನಂತರ, ಅಜ್ಜಿಯರಾಗಿದ್ದ ಅವರು ತಮ್ಮ ಬಾಯಲ್ಲೇ ಆ ದಿನಗಳನ್ನು ಹೇಳಿದರು. ‘ಮಾಸ್ಟರ್ ಹ್ಯಾಂಡ್ಸ್’ ಮತ್ತು ಈ ಚಿತ್ರವನ್ನು ಒಂದರ ಬೆನ್ನಿಗೊಂದು ನೋಡಬೇಕು. ಮೊದಲನೆಯದು ಮಾಲೀಕರ ಹಣದಲ್ಲಿ ಕೆಲಸದ ಚೆಲುವನ್ನು ಉಳಿಸಿತು; ಎರಡನೆಯದು ಕೆಲಸ ಮಾಡಿದವರ ಮಾತನ್ನು ಉಳಿಸಿತು. ಎರಡೂ ಸೇರಿದಾಗಲೇ ಆ ಕಾಲ ಪೂರ್ತಿಯಾಗುತ್ತದೆ, ಹಳಹಳಿಕೆಗೆ ಒಂದು ಬೆಲೆಯೂ ಬರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಭದ್ರಾವತಿಯ ಕಬ್ಬಿಣ, ಕೋಲಾರದ ಚಿನ್ನದ ಗಣಿ, ದಾವಣಗೆರೆ–ಹುಬ್ಬಳ್ಳಿಯ ಗಿರಣಿಗಳಲ್ಲಿ ದುಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಅವರ ಹತ್ತಿರ ಕುಳಿತು ಕೇಳಿ. ಯಾವ ಯಂತ್ರದ ಮುಂದೆ ನಿಂತಿರಿ, ಕೆಲಸ ಕಲಿಸಿದವರು ಯಾರು, ಮೊದಲ ಸಂಬಳ ಎಷ್ಟು, ದೇಹಕ್ಕೆ ಏನಾಯಿತು, ಮುಷ್ಕರದ ದಿನಗಳಲ್ಲಿ ಒಲೆ ಹೇಗೆ ಉರಿಯಿತು, ಕಾರ್ಖಾನೆ ಮುಚ್ಚಿದ್ದರೆ ಆಮೇಲೆ ಏನು ಮಾಡಿದಿರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಹಳೆಯ ಫೋಟೊ ಇದ್ದರೆ ಅದರಲ್ಲಿರುವವರ ಹೆಸರುಗಳೊಂದಿಗೆ ಕಳಿಸಿ. ಮುಂದಿನ ಸಂಚಿಕೆಯಿಂದ ಇದಕ್ಕಾಗಿಯೇ ಪುಟಗಳನ್ನು ಮೀಸಲಿಡುತ್ತೇವೆ.

— ಸಂಪಾದಕ