ಕಟ್ಟುಹಾವೋ ತೋಳ ಹಾವೋ: ಕಚ್ಚಿದ ಮೇಲೆ ಗುರುತಿನ ಚರ್ಚೆ ಬೇಡ

ನಾಯಕನಹಟ್ಟಿ ಸೀಮೆಯಲ್ಲಿ ಶೇಂಗಾ ಕಿತ್ತು ಹೊಟ್ಟಿನ ಬಣವೆ ಒಟ್ಟಿದೊಡನೆ ಇಲಿಗಳು ಮನೆಯ ಬಳಿಗೆ ಬರುತ್ತವೆ. ಇಲಿಗಳ ಹಿಂದೆ ಹಾವುಗಳೂ ಬರುತ್ತವೆ. ಆಗ ಊರಿನಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ಹೊಡೆಯಿರಿ’ ಎಂಬುದು. ಇನ್ನೊಂದು, ‘ಅದು ಕೇರೆ ಹಾವು, ಏನೂ ಆಗುವುದಿಲ್ಲ’ ಎಂಬುದು. ನನ್ನನ್ನು ಹೆಚ್ಚು ಕಳವಳಗೊಳಿಸುವುದು ಈ ಎರಡನೆಯ ಮಾತು.

ಹಾವುಗಳ ಗುರುತು ತಿಳಿದಿರಬೇಕೆಂಬುದರಲ್ಲಿ ಸಂಶಯವಿಲ್ಲ. ಮನೆಯ ಸುತ್ತ ಕಾಣುವವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೇರೆ ಹಾವು ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಕೆರೆಯಂಗಳದ ನೀರುಹಾವು ಸಿಡುಕಿನಿಂದ ಕಚ್ಚಿದರೂ ಅದರಲ್ಲಿ ನಂಜಿಲ್ಲ. ಎರಡು ತಲೆಯದೆಂದು ಹೇಳಿ ಹಣದಾಸೆಗೆ ಹಿಡಿದು ಮಾರುವ ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ, ಇನ್ನೊಂದು ಮೊಂಡು ಬಾಲ. ಅದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಾಗರಕಲ್ಲನ್ನು ಕುರಿತ ಬಸವಣ್ಣನವರ ವಚನವನ್ನು ಬಲ್ಲ ನಾವು ಇವುಗಳನ್ನು ಬಡಿದು ಕೊಲ್ಲುವುದು ತರವಲ್ಲ.

ಜೀವಕ್ಕೆ ಎರವಾಗುವವು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ನಾಗರವು ಹೆಡೆ ಬಿಚ್ಚಿದರೆ ಗುರುತು ಸುಲಭ. ಬಿಚ್ಚದೆ ಹರಿದುಹೋಗುವಾಗ ಅದನ್ನೇ ಕೇರೆ ಹಾವೆಂದು ಭ್ರಮಿಸಿದವರುಂಟು. ಕೊಳಕು ಮಂಡಲದ ದಪ್ಪ ಮೈಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆಗಳಿರುತ್ತವೆ. ಕೆಣಕಿದರೆ ಕುಕ್ಕರಿನ ಸದ್ದಿನಂತೆ ಬುಸುಗುಟ್ಟುತ್ತದೆ. ಗರಗಸ ಮಂಡಲವು ಮೊಳದುದ್ದದ, ನಮ್ಮ ಕಲ್ಲುನೆಲದ ಬಣ್ಣದ ಸಣ್ಣ ಹಾವು. ಸಣ್ಣದೆಂಬ ಉಪೇಕ್ಷೆಯೇ ಅದರ ವಿಷಯದಲ್ಲಿ ಆಗುವ ದೊಡ್ಡ ತಪ್ಪು.

ಎಲ್ಲಕ್ಕಿಂತ ಮೋಸಗೊಳಿಸುವುದು ಕಟ್ಟುಹಾವು. ಹಲ್ಲಿಗಳನ್ನು ಅರಸಿ ಮನೆಯ ಗೋಡೆಯೇರುವ ತೋಳ ಹಾವಿಗೂ ಅದಕ್ಕೂ ಮೈಮೇಲೆ ಬಿಳಿ ಪಟ್ಟೆಗಳಿವೆ. ಕಟ್ಟುಹಾವಿನ ಪಟ್ಟೆಗಳು ಬಾಲದ ಕಡೆಗೆ ಸ್ಪಷ್ಟವಾಗಿದ್ದು ಕತ್ತಿನ ಕಡೆಗೆ ಮಾಸುತ್ತವೆ; ತೋಳ ಹಾವಿನಲ್ಲಿ ಇದಕ್ಕೆ ವಿರುದ್ಧ. ಪುಸ್ತಕದಲ್ಲಿ ಓದುವಾಗ ಇದು ಸುಲಭವೆನಿಸುತ್ತದೆ. ಆದರೆ ಎಳೆಯ ಕಟ್ಟುಹಾವಿಗೆ ಕತ್ತಿನವರೆಗೂ ಪಟ್ಟೆಗಳಿರಬಹುದು. ನಡುರಾತ್ರಿಯಲ್ಲಿ, ಬ್ಯಾಟರಿಯ ಬೆಳಕಿನಲ್ಲಿ, ಭಯದಿಂದ ನಡುಗುವವನು ಪಟ್ಟೆಗಳನ್ನು ಪರೀಕ್ಷಿಸಬಲ್ಲನೆ? ಅದರ ಕಡಿತವಾದರೋ ನೋಯುವುದಿಲ್ಲ, ಊದುವುದೂ ಇಲ್ಲ. ನೆಲದ ಮೇಲೆ ಮಲಗಿದವರು ಸೊಳ್ಳೆ ಕಚ್ಚಿತೆಂದು ಮಗ್ಗುಲು ಬದಲಿಸಿ, ಬೆಳಗಿನ ಜಾವಕ್ಕೆ ಹೊಟ್ಟೆನೋವೆಂದು ಎದ್ದು, ಕಣ್ಣಿನ ರೆಪ್ಪೆ ಎತ್ತಲಾರದೆ, ಉಸಿರು ಕಟ್ಟಿ ಸಾಯುವುದುಂಟು.

ಆದ್ದರಿಂದ ಹಾವು ಕಚ್ಚಿದ ಮೇಲೆ ಅದರ ಕುಲಗೋತ್ರದ ಚರ್ಚೆಯೇ ಸಲ್ಲದು. ಚಿಕಿತ್ಸೆಗೂ ಅದು ಬೇಕಿಲ್ಲ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವು ಈ ನಾಲ್ಕೂ ಹಾವುಗಳ ನಂಜಿಗೆ ಒಂದೇ ಔಷಧ. ವೈದ್ಯರು ರೋಗಿಯ ಲಕ್ಷಣಗಳನ್ನು ನೋಡುತ್ತಾರೆ; ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಹೀಗಿರುವಾಗ ಹಾವನ್ನು ಹುಡುಕಿ, ಕೊಂದು, ಚೀಲದಲ್ಲಿ ತುಂಬಿಕೊಂಡು ಹೋಗುವ ಸಾಹಸದಿಂದ ಸಮಯ ಕಳೆಯುವುದಲ್ಲದೆ ಇನ್ನೊಬ್ಬರಿಗೂ ಕಡಿತವಾದೀತು.

ಇನ್ನು ಮಂತ್ರ, ನಾಟಿ ಬೇರುಗಳ ಮಾತು. ಕಚ್ಚಿದ್ದು ನಂಜಿಲ್ಲದ ಹಾವಾದರೆ ಯಾವ ಬೇರು ತೇಯ್ದು ಕುಡಿಸಿದರೂ ರೋಗಿ ಬದುಕುತ್ತಾನೆ. ನಾಗರವೂ ಕೆಲವೊಮ್ಮೆ ನಂಜು ಇಳಿಸದೆ ಕಚ್ಚುತ್ತದೆ. ಆ ಬದುಕಿದವರೆಲ್ಲರ ಕೀರ್ತಿ ಬೇರಿಗೆ ಸಲ್ಲುತ್ತದೆ. ಸತ್ತವನ ಪಾಲಿಗೆ ‘ಆಯುಷ್ಯ ಮುಗಿದಿತ್ತು’ ಎಂಬ ಮಾತು. ವಿಭೂತಿ ಹಚ್ಚಬಾರದೆಂದು ನಾನು ಹೇಳುತ್ತಿಲ್ಲ. ಹಚ್ಚಿದ ಮರುಕ್ಷಣವೇ 108ಕ್ಕೆ ಕರೆ ಮಾಡಿ, ಅದು ತಡವಾಗುವಂತಿದ್ದರೆ ಸಿಕ್ಕ ವಾಹನವನ್ನೇರಿ. ಕಡಿತದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಉಂಗುರ, ಬಳೆ, ಕಾಲ್ಗಡಗಗಳನ್ನು ತೆಗೆದು, ಮೂಳೆ ಮುರಿದಾಗ ಮಾಡುವಂತೆ ಆ ಕೈಕಾಲಿಗೆ ದಬ್ಬೆಯ ಆಸರೆ ಕೊಟ್ಟು, ರೋಗಿಯನ್ನು ನಡೆಯಿಸದೆ ಒಯ್ಯಬೇಕು.

ನಮ್ಮ ರಾಜ್ಯ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ. ಆದರೆ ಆಸ್ಪತ್ರೆಗೇ ಬಾರದೆ ತೀರಿಕೊಂಡವರು ಆ ಲೆಕ್ಕಕ್ಕೆ ಸೇರುವುದು ಹೇಗೆ?

ಫಾಲ್ಗುಣದಲ್ಲಿ ಶ್ರೀ ಗುರು ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ಬರುವ ಸದ್ಭಕ್ತರು ಬಯಲಿನಲ್ಲಿ, ಹೊಲಗಳ ಅಂಚಿನಲ್ಲಿ ಬಿಡಾರ ಹೂಡುತ್ತಾರೆ. ಬಂಡಿಯಲ್ಲಿ ಕೊಬ್ಬರಿಯ ಜೊತೆಗೆ ಒಂದು ಸೊಳ್ಳೆಪರದೆಯನ್ನೂ ಬ್ಯಾಟರಿಯನ್ನೂ ಇಟ್ಟುಕೊಳ್ಳಿ. ಮಕ್ಕಳನ್ನು ಬಂಡಿಯ ಮೇಲೆ ಮಲಗಿಸಿ; ನೆಲದಲ್ಲಿ ಮಲಗುವವರು ಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿಕೊಳ್ಳಿ.