ಬದುವಿನ ಹುಲ್ಲು ಮತ್ತು ಕೌಜಗದ ಕೂಗು

ಮೊನ್ನೆ ಬೆಳಗಿನ ಜಾವ ಹೊಲದ ಬದುವಿನ ಮೇಲೆ ನಿಂತಿದ್ದೆ. ಸುತ್ತಲಿನ ಮಾವಿನ ತೋಪುಗಳಿಂದ ಐದಾರು ನವಿಲುಗಳ ಕೇಕೆ ಕೇಳಿಬಂತು. ನಾನು ಕಿವಿಗೊಟ್ಟು ಕಾದದ್ದು ಮಾತ್ರ ಬೇರೊಂದು ಹಕ್ಕಿಯ ಕೂಗಿಗಾಗಿ. ಅದು ಕೇಳಿಸಲಿಲ್ಲ.

ಅಳ್ನಾವರವೆಂದರೆ ಮಲೆನಾಡಿನ ಸೆರಗಿಗೆ ಬಯಲುಸೀಮೆಯ ಅಂಚು ತಾಗುವ ಊರು. ಪಶ್ಚಿಮದ ದಾಂಡೇಲಿ ಕಾಡಿನ ಕಡೆಯಿಂದ ಕಾಡುಕೋಳಿಗಳು ಹೊಲದಂಚಿಗೆ ಬರುತ್ತಿದ್ದವು. ಪೂರ್ವದಲ್ಲಿ, ಧಾರವಾಡದತ್ತ ಚಾಚಿದ ಕೂರಿಗೆ ಭತ್ತದ ಹಾಗೂ ಜೋಳದ ಹೊಲಗಳಲ್ಲಿ, ಕೌಜಗ ಮತ್ತು ಲಾವಗಿಗಳ ರಾಜ್ಯವಿತ್ತು. ನನ್ನ ಬಾಲ್ಯದಲ್ಲಿ ನಮ್ಮ ಕಾಕಾ ಕುದುರೆಬಾಲದ ಕೂದಲಿನಿಂದ ಉರುಲು ಹೆಣೆದು ಬದುವಿನಲ್ಲಿ ಒಡ್ಡುತ್ತಿದ್ದರು. ಪಂಜರದಲ್ಲಿ ಸಾಕಿದ ಗಂಡು ಕೌಜಗವನ್ನು ಕೂಗಿಸಿ ಕಾಡಿನ ಕೌಜಗವನ್ನು ಜಗಳಕ್ಕೆ ಎಳೆದು ಹಿಡಿಯುವುದೂ ಇತ್ತು. ಆ ಪಲ್ಯವನ್ನು ನಾನೂ ಚಪ್ಪರಿಸಿ ತಿಂದವನೇ. ಆದರೂ ಮರುವರ್ಷ ಹಕ್ಕಿಗಳಿಗೇನೂ ಕೊರತೆ ಇರುತ್ತಿರಲಿಲ್ಲ.

ತರಗತಿಯಲ್ಲಿ ತೈತ್ತಿರೀಯ ಉಪನಿಷತ್ತಿನ ಹೆಸರು ಬಂದಾಗಲೆಲ್ಲ ನಾನು ಮಕ್ಕಳಿಗೆ, 'ತಿತ್ತಿರಿ ಎಂದರೆ ನಿಮ್ಮ ಹೊಲದ ಕೌಜಗವೇ' ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಅದೇ ಮಾತಿಗೆ, 'ಕೌಜಗ ಅಂದ್ರ ಏನ್ರೀ ಸರ್?' ಎಂಬ ಪ್ರಶ್ನೆ ಬಂತು.

ಬೇಟೆಯೇ ಈ ಹಕ್ಕಿಯನ್ನು ಮುಗಿಸಿತೆಂದು ನಾನು ಬಹುಕಾಲ ನಂಬಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ಕಳೆದಿದೆ. ನಮ್ಮ ಭಾಗದಲ್ಲಿ ಉರುಲು ಹಾಕುವ ಕೈಗಳೂ ಕಡಿಮೆಯಾಗಿವೆ. 1963ರಲ್ಲಿ ರಾಷ್ಟ್ರಪಕ್ಷಿಯೆನಿಸಿದ ನವಿಲಂತೂ ಬಿತ್ತಿದ ಕಾಳು, ಎಳೆಯ ಸಸಿ ತಿನ್ನುತ್ತದೆಂದು ರೈತರು ದೂರುವಷ್ಟು ಹೆಚ್ಚಿದೆ. ಕಾಯ್ದೆಯೊಂದೇ ಸಾಕಾಗಿದ್ದರೆ ಕೌಜಗವೂ ಹೆಚ್ಚಬೇಕಿತ್ತಲ್ಲವೆ? ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು, ಕೃಷ್ಣಮೃಗಗಳು ಹೆಚ್ಚಿದವು. ಆದರೆ ಹುಲ್ಲುಗಾವಲು ನೀಲಗಿರಿ ನೆಡುತೋಪಾದಂತೆ ಅಲ್ಲಿದ್ದ ಎರೆಭೂತವೆಂಬ ಹೆಬ್ಬಕ್ಕಿ ಕಾಣದಾಯಿತು. ಕೊಲ್ಲಬಾರದೆಂಬುದು ಒಂದು ಮಾತು. ಬದುಕಲು ಜಾಗವಿರಬೇಕೆಂಬುದು ಇನ್ನೊಂದು.

ಕೌಜಗದ ಜಾಗ ಯಾವುದು? ಬದು. ಹುಲ್ಲಿನ ಮರೆಯಲ್ಲಿ ನೆಲ ಕೆದರಿ ಆರೆಂಟು ಮೊಟ್ಟೆಯಿಟ್ಟು ಸುಮಾರು ಹದಿನೆಂಟು ದಿನ ಕಾವು ಕೂರುತ್ತದೆ. ರಾತ್ರಿ ಜಾಲಿಗಿಡವೇರಿ ಮಲಗುತ್ತದೆ. ದೊಡ್ಡ ಹಕ್ಕಿ ಕಾಳು ತಿಂದು ಬದುಕೀತು. ಮರಿಗಳಿಗೆ ಮೊದಲ ವಾರಗಳಲ್ಲಿ ಗೆದ್ದಲು, ಇರುವೆ, ಮಿಡತೆ ಬೇಕೇ ಬೇಕು. ಹುಲ್ಲಿಲ್ಲದ ಬದುವಿನಲ್ಲಿ ಹುಳುವಿಲ್ಲ, ಹುಳುವಿಲ್ಲದಲ್ಲಿ ಮರಿ ಉಳಿಯುವುದಿಲ್ಲ.

ಬದುವಿನ ಹುಲ್ಲು ಹೋದದ್ದು ಹೇಗೆ? ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಿವೃತ್ತಿಯ ನಂತರ ಎತ್ತುಗಳನ್ನು ಮಾರಿ, ಹೊಲವನ್ನು ಪಾಲಿಗೆ ಹಾಕಿದೆ. ಗೋವಿನಜೋಳ, ಕಬ್ಬು ಬಂದವು. ಪಾಲಿನವನು ಒಂದು ದಿನ, 'ಮಾಸ್ತರ, ಬದುವಿನ್ಯಾಗ ಹುಲ್ಲ ಬೆಳಸಿ ಏನ್ ಮಾಡೂದ್ರೀ? ಮೇಯಾಕ ದನಾ ಎಲ್ಲಿ ಅದಾವು?' ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಕಳೆನಾಶಕಕ್ಕೆ ನಾನೇ ದುಡ್ಡು ಕೊಟ್ಟೆ. ಎಂಟೇ ದಿನದಲ್ಲಿ ಬದು ಒಣಗಿ ಕೆಂಪಗಾಯಿತು. ನೋಡಲು ಹೊಲ ಸ್ವಚ್ಛವೆನಿಸಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಾಕಾನ ಉರುಲು ವರ್ಷಕ್ಕೆ ಹತ್ತಾರು ಹಕ್ಕಿ ಹಿಡಿದಿರಬಹುದು. ನಾನು ಕೊಟ್ಟ ದುಡ್ಡು ಅವುಗಳ ಮನೆಯನ್ನೇ ಸುಟ್ಟಿತು.

ಇದು ನಮ್ಮೊಬ್ಬರ ಕಥೆಯಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ ಡಿಕ್ ಪಾಟ್ಸ್ ಎಂಬ ವಿಜ್ಞಾನಿ 1968ರಿಂದ ದಶಕಗಟ್ಟಲೆ ಹೊಲಗಳನ್ನು ಅಳೆದು ನೋಡಿದರು. ಅಲ್ಲಿ ಕೌಜಗದ ದಾಯಾದಿಯಂತಿರುವ ಬೂದು ಪಾರ್ಟ್ರಿಜ್ ಕ್ಷೀಣಿಸಲು ಕಳೆನಾಶಕ ಮುಖ್ಯ ಕಾರಣವೆಂದು ಕಂಡುಕೊಂಡರು. ಕಳೆ ಸತ್ತಾಗ ಅದರ ಮೇಲಿನ ಹುಳುಗಳು ಸತ್ತವು, ಮರಿಗಳು ಹಸಿದು ಸತ್ತವು. ಅದೇ ಪ್ರಾಂತ್ಯದ ಒಂದು ಎಸ್ಟೇಟಿನಲ್ಲಿ 2003ರ ನಂತರ ಹೊಲದಂಚುಗಳಿಗೆ ಔಷಧಿ ಹೊಡೆಯದೆ, ಹುಲ್ಲಿನ ಪಟ್ಟೆ ಬೆಳೆಸಿ, ನರಿ ಮುಂತಾದವುಗಳ ಕಾಟ ತಡೆದಾಗ ಬೆರಳೆಣಿಕೆಯ ಜೋಡಿಗಳು ನೂರಾರಾದವು. ಬೇಟೆಯ ಆಸೆಯೂ ಅದರ ಹಿಂದಿತ್ತು. ನಮಗೆ ಅದರ ಅಗತ್ಯವಿಲ್ಲ.

ನಮ್ಮಲ್ಲಿಯೇ ಪಾಠವಿದೆ. ಬಂಕಾಪುರದ ಕೋಟೆಯೊಳಗೆ ಖಿಲಾರಿ ತಳಿ ಸಂವರ್ಧನೆಗಾಗಿ ದನಗಳನ್ನು ಸಾಕಿ, ಅವುಗಳಿಗೆಂದೇ ಮೇವು ಬೆಳೆಸಿಕೊಂಡು ಬಂದರು. ಆ ಹುಲ್ಲು, ಪೊದೆ, ನಿಶ್ಶಬ್ದಗಳ ಆಸರೆಯಲ್ಲಿ ನವಿಲುಗಳು ತಾವಾಗಿ ತುಂಬಿಕೊಂಡವು. 2006ರಲ್ಲಿ ಸರ್ಕಾರ ಅದನ್ನು ನವಿಲುಧಾಮವೆಂದು ಘೋಷಿಸಿತು. ಹಕ್ಕಿಗಳು ಮೊದಲು ಬಂದವು, ಘೋಷಣೆ ಆಮೇಲೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೇ. ರೈತನು ಬೆಳೆಯ ಸಾಲಿನಲ್ಲಿ ಕಳೆ ಬೆಳೆಸಲಿ ಎನ್ನುವುದಿಲ್ಲ. ಕೂಲಿಯಾಳಿನ ಕಷ್ಟ ನನಗೂ ಗೊತ್ತು. ಬದುವನ್ನಷ್ಟಾದರೂ ಔಷಧಿಯಿಂದ ಬಿಡಲಿ. ಹುಲ್ಲಿನ ಬೇರು ಮಳೆಗಾಲದಲ್ಲಿ ಮಣ್ಣನ್ನೂ ಹಿಡಿಯುತ್ತದೆ. ಕೊಯ್ಯಲೇಬೇಕಾದರೆ ಮರಿಗಳು ದೊಡ್ಡವಾದ ಮೇಲೆ, ಒಮ್ಮೆಗೆ ಒಂದೇ ಬದಿಯಂತೆ ಕೊಯ್ಯಲಿ. ಇದಕ್ಕಾಗಿ ತುಸು ಇಳುವರಿ ಕಳೆದುಕೊಳ್ಳುವ ಸಣ್ಣ ರೈತನಿಗೆ ಸರ್ಕಾರ ನೆರವು ಕೊಡಲಿ. ಹಕ್ಕಿಯ ಋಣ ಊರಿಗೆಲ್ಲ ಸೇರಿದ್ದು, ಬಡವನೊಬ್ಬನೇ ಏಕೆ ತೀರಿಸಬೇಕು?

ಮೂರು ವರ್ಷಗಳಿಂದ ನಮ್ಮ ಎರಡು ಬದುಗಳಿಗೆ ಔಷಧಿ ಹೊಡೆಸಿಲ್ಲ. ಪಾಲಿನವನಿಗೆ ಅಷ್ಟರ ಮಟ್ಟಿಗೆ ಪಾಲು ಬಿಟ್ಟುಕೊಟ್ಟಿದ್ದೇನೆ. ಮೊನ್ನೆ ಮರಳಿ ಬರುವಾಗ ಕಾಲಬುಡದಿಂದಲೇ ಲಾವಗಿಯೊಂದು ಬುರ್ರೆಂದು ಎದ್ದು ಹಾರಿ, ಪಕ್ಕದ ಹುಲ್ಲಿನಲ್ಲಿ ಅಡಗಿತು. ಕೌಜಗ ಇನ್ನೂ ಬಂದಿಲ್ಲ. ಅತ್ತಲಿನ ಹೊಲದವರೂ ಒಂದು ಬದು ಬಿಟ್ಟರೆ ಬಂದೀತೇನೋ. ಅವರನ್ನು ಕೇಳಲು ನಾಳೆ ಹೋಗುವವನಿದ್ದೇನೆ; ಅವರು ನನ್ನ ಹಳೆಯ ವಿದ್ಯಾರ್ಥಿ.